ನಾನು ಹೊಲಿದ ಕಾರಿನ ಟಾಪು

ನಮ್ಮ ಮನೆಗೆ ಕಾರು ಬಂದಾಗ ಅದಕ್ಕೆ ತಲೆಯೇ ಇರಲಿಲ್ಲ. ತಲೆ ಎಂದರೆ ಮೇಲಿನ ಟಾಪು. ಆಗಿನ ಹಳೆಯ ಕಾರುಗಳಲ್ಲಿ ಎಷ್ಟಕ್ಕೋ ಈಗಿನ ಹಾಗೆ ತಗಡಿನ ಚಾವಣಿ ಇರುತ್ತಿರಲಿಲ್ಲ. ಬಾಗಿಸಿದ ಮರದ ಕಮಾನುಗಳ ಮೇಲೆ ದಪ್ಪ ಕ್ಯಾನ್ವಾಸ್ ಬಟ್ಟೆ ಹೊದಿಸಿರುತ್ತಿದ್ದರು. ಮಳೆ ಬಂದರೆ ಮುಂದಕ್ಕೆ ಎಳೆದುಕೊಳ್ಳುವುದು, ಬೇಡವೆಂದರೆ ಹಿಂದಕ್ಕೆ ಮಡಚಿಡುವುದು. ನಮ್ಮ ಕಾರಿನಲ್ಲಿ ಕಮಾನುಗಳು ಮಾತ್ರ ಉಳಿದಿದ್ದವು. ಬಟ್ಟೆ ಚಿಂದಿಯಾಗಿ, ಗಾಳಿ ಬೀಸಿದಾಗಲೆಲ್ಲ ಪಟಪಟ ಎನ್ನುತ್ತಿತ್ತು.

ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಅವರ ಮೇಲಿನ ಸಾಹೇಬರೊಬ್ಬರು ಕೆಲಸ ಬಿಟ್ಟು ತಮ್ಮೂರಿಗೆ ಹೊರಟಾಗ ಆ ಕಾರನ್ನು ಇವರಿಗೆ ಕೊಟ್ಟು ಹೋದರು. ಐವತ್ತರ ದಶಕದ ರಾಜಾಜಿನಗರ ಅರ್ಧ ಬಡಾವಣೆ, ಅರ್ಧ ರಾಗಿ ಹೊಲ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಾಮಾಕ್ಷಿಪಾಳ್ಯದ ಕಡೆಯಿಂದ ಸೊಪ್ಪು ತರುತ್ತಿದ್ದ ಹೆಂಗಸರು ಗೇಟಿನ ಮುಂದೆ ನಿಂತು ಬುಟ್ಟಿ ಇಳಿಸಿ ಕಾರನ್ನು ನೋಡಿಕೊಂಡು ಹೋಗುತ್ತಿದ್ದರು. ಅವರಲ್ಲಿ ಒಬ್ಬಳು, "ಇದೇನವ್ವ, ಗುಡಿಸಲಿನ ಗಳ ಎತ್ತಿ ಹುಲ್ಲು ಹೊದಿಸೋದು ಮರೆತವ್ರಲ್ಲ," ಎಂದಿದ್ದಳು. ನಮ್ಮತ್ತೆಗೆ ಅದನ್ನು ಕೇಳಿ ಎರಡು ದಿನ ಊಟ ಸೇರಲಿಲ್ಲ.

ಅತ್ತೆಯ ಸಂಕಟಕ್ಕೆ ಕಾರಣವಿತ್ತು. ಮನೆಯಲ್ಲಿ ನನ್ನ ನಾದಿನಿಯ ಮದುವೆ ಗೊತ್ತಾಗಿತ್ತು. ಗಂಡಿನವರು ತುಮಕೂರಿನವರು, ಸ್ಥಿತಿವಂತರು, ಮಾತಿಗೊಂದು ಕೊಂಕು ತೆಗೆಯುವವರು ಎಂದು ಹೆಸರಾದವರು. ಮದುವೆಯ ಹಿಂದಿನ ಸಂಜೆ ಗಂಡನ್ನು ಗಣೇಶನ ಗುಡಿಯಿಂದ ಛತ್ರದವರೆಗೆ ಕಾರಿನಲ್ಲಿ ಕೂರಿಸಿ, ವಾಲಗದೊಂದಿಗೆ ಮೆರವಣಿಗೆಯಲ್ಲಿ ಕರೆತರಬೇಕು. ಕಾರಿನ ಏರ್ಪಾಡು ಹೆಣ್ಣಿನ ಮನೆಯವರದ್ದು. ಹೆಚ್ಚಿನವರು ಯಾರದ್ದಾದರೂ ಕಾರು ಕೇಳಿ ತರುತ್ತಿದ್ದರು. ನಮ್ಮದೇ ಇರುವಾಗ ಕೇಳುವ ಹಾಗೂ ಇಲ್ಲ, ಇರುವುದನ್ನು ತೋರಿಸುವ ಹಾಗೂ ಇಲ್ಲ. ಮಾವನವರು ತೀರಿಕೊಂಡು ಆಗಲೇ ಕೆಲವು ವರ್ಷ ಆಗಿತ್ತು. ತಂದೆಯಿಲ್ಲದ ಹುಡುಗಿಯ ಮದುವೆಯಲ್ಲಿ ಯಾರೂ ಒಂದು ಮಾತು ಆಡಬಾರದು ಎಂಬ ಹಟ ಅತ್ತೆಗೂ ಇತ್ತು, ಅವರ ಮಗನಿಗೂ ಇತ್ತು.

ಮಡ್‌ಗಾರ್ಡುಗಳ ತುಕ್ಕು ತೆಗೆಸಿ ಬಣ್ಣ ಹೊಡೆಸಲು ಕಾರನ್ನು ಕಲಾಸಿಪಾಳ್ಯದ ಒಂದು ಅಂಗಡಿಗೆ ಬಿಟ್ಟರು. ಬಣ್ಣದ ಆಯ್ಕೆಗೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕಡುಹಸಿರು ನನ್ನದೇ ಆಯ್ಕೆ. ಆ ಅಂಗಡಿಯಲ್ಲಿ ಇನ್ನೊಂದು ಕಾರಿಗೆ ಟಾಪು ಹೊದಿಸಿ ನಿಲ್ಲಿಸಿದ್ದರು. ಹೊಲಿಗೆ ಕಂಡರೆ ಕೈ ಸುಮ್ಮನಿರುವುದಿಲ್ಲವಲ್ಲ, ಹೋಗಿ ಮುಟ್ಟಿ ನೋಡಿದೆ. ಅಂಗೈಯಗಲಕ್ಕೆ ನಾಲ್ಕು ಹೊಲಿಗೆ, ಅದೂ ಒಂಟಿ ಸಾಲು. ಮೂಲೆಯಲ್ಲಿ ಬಟ್ಟೆ ಸರಿಯಾಗಿ ಕೂರದೆ ಮುದುಡಿಕೊಂಡಿತ್ತು, ಅದನ್ನು ಮುಚ್ಚಲು ಮೇಲೊಂದು ಚರ್ಮದ ಪಟ್ಟಿ ಹೊಡೆದಿದ್ದರು.

"ಇದನ್ನ ಇನ್ನೂ ಸ್ವಲ್ಪ ಒತ್ತಾಗಿ ಹೊಲೀಬೇಕಿತ್ತು ಅಲ್ವಾ?" ಎಂದು ಕೇಳಿದೆ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದು.

ಅಂಗಡಿಯಾತ ನನ್ನ ಕಡೆ ತಿರುಗಲೂ ಇಲ್ಲ. ನಮ್ಮ ಯಜಮಾನರಿಗೆ ಹೇಳಿದ: "ಸಾರ್, ಇದು ಲಂಗ ಅಲ್ಲ, ಕಾರು. ಹೆಂಗಸರಿಗೆ ಇದೆಲ್ಲ ತಿಳಿಯಲ್ಲ. ನೀವು ಬಿಟ್ಟು ಹೋಗಿ, ಟಾಪೂ ಹಾಕ್ಕೊಡ್ತೀವಿ."

ಯಜಮಾನರು ನಕ್ಕರು. ನನಗೆ ಸಿಟ್ಟು ಬಂದದ್ದು ಅಂಗಡಿಯವನ ಮಾತಿಗಲ್ಲ, ಆ ನಗುವಿಗೆ. ಬಸ್ಸಿನಲ್ಲಿ ಬರುವಾಗ ಮಾಗಡಿ ರಸ್ತೆ ಮುಟ್ಟುವಷ್ಟರಲ್ಲಿ ನಾನು ನಿರ್ಧಾರ ಮಾಡಿಯಾಗಿತ್ತು. ಮನೆಗೆ ಬಂದು ಸೀರೆಯನ್ನೂ ಬದಲಾಯಿಸದೆ ಹೇಳಿದೆ, ಬಣ್ಣ ಅವರು ಹೊಡೆಯಲಿ, ಟಾಪು ನಾನು ಹೊಲಿಯುತ್ತೇನೆ ಎಂದು.

"ದುಡ್ಡಿಗೇನೂ ತೊಂದರೆ ಇಲ್ಲ ಕಣೇ. ಅವರೇ ಹಾಕ್ಕೊಡ್ತಾರೆ," ಎಂದರು ಅವರು.

"ದುಡ್ಡಿನ ಮಾತು ಯಾರು ಆಡಿದ್ರು? ನನಗೆ ಬರತ್ತೆ, ನಾನು ಹೊಲೀತೀನಿ."

ನಮ್ಮತ್ತೆ ಅಡಿಗೆಮನೆಯ ಬಾಗಿಲಿಗೆ ಬಂದರು. ಕೇಳಿಸಿಕೊಂಡದ್ದು ಸಾಲದೆಂದು ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ ಮಗಳನ್ನು ಕೂಗಿ, "ಬಾರೇ, ನಿಮ್ಮತ್ತಿಗೆ ಕಾರಿಗೆ ರವಿಕೆ ಹೊಲೀತಾಳಂತೆ!" ಎಂದರು. ಅವತ್ತಿನಿಂದ ಬೀದಿಯಲ್ಲಿ ಯಾರು ಬಂದರೂ ಅದೇ ಮಾತು. ಕಾರಿನ ರವಿಕೆ ಎಲ್ಲಿಗೆ ಬಂತು, ತೋಳು ಗಿಡ್ಡವೋ ಉದ್ದವೋ, ಬೆನ್ನಿಗೆ ಕಿಟಕಿ ಇಡುತ್ತಾಳೋ. ನಾನೂ ಬಿಡಲಿಲ್ಲ. "ಕಿಟಕಿ ಇಡ್ತೀನಿ ಅತ್ತೆ, ಕಾರಿಗೆ ಬೆನ್ನಲ್ಲೇ ಕಿಟಕಿ ಇರೋದು," ಎಂದೆ.

ನನಗೆ ಹೊಲಿಗೆ ಗೊತ್ತಿತ್ತು. ಗೊತ್ತಿತ್ತು ಎಂದು ಸಂಕೋಚಪಟ್ಟು ಏಕೆ ಹೇಳಲಿ, ಚೆನ್ನಾಗಿ ಗೊತ್ತಿತ್ತು. ಮದುವೆಗೆ ಮುಂಚೆ ತವರಿನಲ್ಲಿ ಟೈಲರಿಂಗ್ ಕಲಿತು ಪರೀಕ್ಷೆ ಕಟ್ಟಿ ಪಾಸಾಗಿದ್ದೆ. ಅಪ್ಪ ಕೊಟ್ಟ ಹೊಲಿಗೆ ಯಂತ್ರ ನನ್ನ ಜೊತೆ ಗಾಡಿಯಲ್ಲಿ ಈ ಮನೆಗೆ ಬಂದಿತ್ತು. ಬೀದಿಯ ಅರ್ಧ ಹೆಂಗಸರು ನಾನು ಹೊಲಿದ ರವಿಕೆಯನ್ನೇ ತೊಡುತ್ತಿದ್ದರು. ಒಮ್ಮೆ ಹೊಲಿದ ರವಿಕೆಯನ್ನು ಬಿಚ್ಚಿ ಸರಿಮಾಡಿಕೊಡಿ ಎಂದು ಯಾರೂ ವಾಪಸು ತಂದದ್ದಿಲ್ಲ.

ಕಾರು ಬಣ್ಣ ಹೊಡೆಸಿಕೊಂಡು ಮನೆಗೆ ಬಂತು. ಅದನ್ನು ಹಿತ್ತಲಿನ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದೆವು. ಟಾಪಿನ ಅಳತೆ ತೆಗೆಯುವುದು ಹೇಗೆ ಎಂದು ಯೋಚಿಸಿ, ಯಜಮಾನರ ಎರಡು ಹಳೆಯ ಪಂಚೆಗಳನ್ನು ಕಮಾನುಗಳ ಮೇಲೆ ಹಾಸಿದೆ. ಮೈಮೇಲೆ ರವಿಕೆ ಬಟ್ಟೆಯನ್ನು ಕೂರಿಸುವಂತೆಯೇ ಅಲ್ಲಲ್ಲಿ ಪಿನ್ನು ಚುಚ್ಚುತ್ತಾ, ಮಡಿಕೆ ಹಿಡಿಯುತ್ತಾ ಹೋದೆ. ಹಿಂದಿನ ಮೂಲೆಗಳಲ್ಲಿ ಬಟ್ಟೆ ಮುದುಡಿತು. ಅಂಗಡಿಯವನು ಚರ್ಮದ ಪಟ್ಟಿ ಹೊಡೆದು ಮುಚ್ಚಿದ್ದು ಇದನ್ನೇ. ರವಿಕೆಯ ಕಂಕುಳ ಬಳಿ ಏನು ಮಾಡುತ್ತೇವೋ ಅದನ್ನೇ ಇಲ್ಲಿ ಮಾಡಿದೆ. ಮೂರು ಮೂಲೆಯ ತುಂಡೊಂದನ್ನು ಒಳಸೇರಿಸಿದೆ. ಪಂಚೆ ಕೂತಿತು. ನಾನು ದೂರ ನಿಂತು ನೋಡಿದೆ. ಅತ್ತೆಯ ತಮಾಷೆ ಸರಿಯಾಗಿಯೇ ಇತ್ತು, ನಾನು ಕಾರಿಗೆ ರವಿಕೆಯನ್ನೇ ಹೊಲಿಯುತ್ತಿದ್ದೆ.

ಕ್ಯಾನ್ವಾಸನ್ನು ಚಿಕ್ಕಪೇಟೆಯಿಂದ ತಂದೆವು. ಖಾಕಿ ಬಣ್ಣದ್ದು, ಭಾರವಾದದ್ದು, ಬಿಚ್ಚಿದರೆ ಮನೆಯೆಲ್ಲ ಒಂದು ಥರದ ಎಣ್ಣೆ ವಾಸನೆ. ಮುಟ್ಟಿದರೆ ಕೈಗೆ ಜಿಡ್ಡು. ಹತ್ತಿ ಬಟ್ಟೆಯನ್ನು ನೆನೆಸದೆ ಕತ್ತರಿ ಹಾಕಬಾರದೆಂದು ನಮ್ಮಲ್ಲಿ ಪುಟ್ಟ ಹುಡುಗಿಯರಿಗೂ ಗೊತ್ತು. ನೆನೆಸದೆ ಹೊಲಿದ ರವಿಕೆ ಮೊದಲ ಒಗೆತಕ್ಕೆ ಬಿಗಿಯಾಗಿ ಮೈಗೆ ಹತ್ತುವುದಿಲ್ಲ. ಟಾಪೂ ಹಾಗೇ ಬಿಗಿಯಾದರೆ ಕಮಾನು ಮುರಿಯುವುದಿಲ್ಲವೇ? ಆದ್ದರಿಂದ ಹಂಡೆಯಲ್ಲಿ ನೀರು ಕಾಯಿಸಿ, ಸೋಡಾ ಹಾಕಿ, ಬಟ್ಟೆಯನ್ನು ತುರುಕಿ ರಾತ್ರಿಯಿಡೀ ನೆನೆಸಿಟ್ಟೆ.

ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಜಿಡ್ಡಿನ ಕೆನೆ. ನಮ್ಮತ್ತೆಗೆ ಕೊಳೆ ಕಂಡರಾಗದು. ಅಲ್ಲಿಯವರೆಗೆ ಕಾರಿನ ರವಿಕೆಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಇದ್ದವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದೇಬಿಟ್ಟರು. "ಎಷ್ಟು ಕೊಳೆ ನೋಡೇ! ಇದನ್ನ ಹಂಗೇ ತಲೆ ಮೇಲೆ ಹಾಕ್ಕೋತಿದ್ವಲ್ಲ!" ಎನ್ನುತ್ತಾ ಅಂಟುವಾಳದ ಕಾಯಿ ಜಜ್ಜಿ ನೊರೆ ಮಾಡಿದರು. ಅವರು ಒಂದು ತುದಿ, ನಾನು ಒಂದು ತುದಿ ಹಿಡಿದು ಒಗೆಯುವ ಕಲ್ಲಿನ ಮೇಲೆ ಬಡಿದೆವು. ನೀರು ತಿಳಿಯಾಗುವವರೆಗೆ ಬಡಿದೆವು. ನಾನು ಆ ಮನೆಗೆ ಬಂದ ಮೇಲೆ ನಾವಿಬ್ಬರೂ ಒಂದು ಮನಸ್ಸಿನಿಂದ ಮಾಡಿದ ಮೊದಲ ಕೆಲಸ ಅದೇ ಇರಬೇಕು. ಒಣಗಿದ ಮೇಲೆ ಬಟ್ಟೆ ಮೆತ್ತಗೆ, ಹಗುರವಾಗಿ, ವಾಸನೆಯೇ ಇಲ್ಲದೆ ಹೂವಿನ ಹಾಗಾಗಿತ್ತು. ಅತ್ತೆ ಕೆನ್ನೆಗೆ ಒತ್ತಿಕೊಂಡು ನೋಡಿ, "ಈಗ ಬಟ್ಟೆ ಅನ್ನಿಸ್ಕೊಳ್ತು," ಎಂದರು.

ಹೊಲಿಗೆ ಶುರುವಾಯಿತು. ನನ್ನ ಯಂತ್ರ ಮಲ್ಲು, ವಾಯ್ಲಿನಂಥ ತೆಳು ಬಟ್ಟೆ ಹೊಲಿದು ಅಭ್ಯಾಸವಾದದ್ದು. ಕ್ಯಾನ್ವಾಸಿನ ಎರಡು ಪದರ ಸೇರಿದ ಕೂಡಲೇ ಮುನಿಸಿಕೊಂಡು ನಿಂತುಬಿಡುತ್ತಿತ್ತು. ಕಾಲಿನಿಂದ ತುಳಿದರೆ ಸೂಜಿ ಮುರಿಯುತ್ತಿತ್ತು. ಆಗ ನಾದಿನಿ ಬಂದು ಯಂತ್ರದ ಪಕ್ಕ ಕೂತಳು. ನಾನು ಎರಡೂ ಕೈಯಿಂದ ಬಟ್ಟೆಯನ್ನು ನೂಕುವುದು, ಅವಳು ಚಕ್ರವನ್ನು ಕೈಯಲ್ಲೇ ಹಿಡಿದು ಒಂದೊಂದೇ ಹೊಲಿಗೆ ತಿರುಗಿಸುವುದು. ಮದುವೆಯ ಹುಡುಗಿ, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. "ಗೋರಂಟಿ ಹಾಕೋ ಕೈ ಕಣೇ, ಸಾಕು ಬಿಡು," ಎಂದರೆ, "ಬೊಬ್ಬೆ ಮೇಲೆ ಗೋರಂಟಿ ಇನ್ನೂ ಕೆಂಪಗೆ ಹತ್ತತ್ತೆ ಅತ್ತಿಗೆ, ನೀವು ನೂಕಿ," ಎನ್ನುತ್ತಿದ್ದಳು. ಅವಳು ಹೆಚ್ಚು ಮಾತಿನವಳಲ್ಲ. ಹೊರಗಿನವರು ಬಂದರೆ ಬಾಗಿಲ ಹಿಂದೆ ಸರಿಯುವ ಹುಡುಗಿ. ಆದರೆ ಆ ಯಂತ್ರದ ಪಕ್ಕ ಕೂತಾಗ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಪದರಗಳು ತೀರಾ ದಪ್ಪವಾದ ಕಡೆ ಯಂತ್ರವನ್ನು ಬಿಟ್ಟು, ಗೋಣಿಚೀಲ ಹೊಲಿಯುವ ದಬ್ಬಳ ಹಿಡಿದು ಕೈಯಲ್ಲೇ ಹೊಲಿದೆ. ದಾರ ಗಟ್ಟಿಯಾಗಿರಲೆಂದು ಜೇನುಮೇಣದ ಉಂಡೆಯ ಮೇಲೆ ಎಳೆದುಕೊಂಡು ಪೋಣಿಸುತ್ತಿದ್ದೆ. ಪ್ರತಿಯೊಂದು ಜೋಡಣೆಗೂ ಎರಡು ಸಾಲು ಹೊಲಿಗೆ, ಒತ್ತೊತ್ತಾಗಿ.

ಅಷ್ಟರಲ್ಲಿ ಒಂದು ದಿನ ಮಧ್ಯಾಹ್ನ ನಾದಿನಿಯ ಮಾವನಾಗಲಿರುವ ಬೀಗರು ಲಗ್ನಪತ್ರಿಕೆಯ ಮಾತಿಗೆಂದು ಬಂದರು. ಎತ್ತರದ ಆಳು, ಕೋಟು, ಜರಿ ಪೇಟ. ನಾವಿಬ್ಬರೂ ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಹೊಲಿಯುತ್ತಿದ್ದೆವು. ಹಜಾರದ ಮಾತೆಲ್ಲ ಕೇಳುತ್ತಿತ್ತು. ಬೀಗರು ಹಿತ್ತಲಿನ ಕಾರನ್ನು ಕಂಡಿದ್ದರು.

"ಕಾರು ಚೆನ್ನಾಗಿದೆ. ಟಾಪು ಇಲ್ವಲ್ಲ ಆದ್ರೆ?"

"ಅಂಗಡಿಗೆ ಕೊಟ್ಟಿದೀವಿ," ಎಂದರು ನಮ್ಮ ಯಜಮಾನರು. "ಕಲಾಸಿಪಾಳ್ಯದಲ್ಲಿ. ದೊಡ್ಡ ಅಂಗಡಿ. ಅಲ್ಲೇ ಹೊಲೀತಿದಾರೆ."

ನಾದಿನಿಯ ಕೈ ಚಕ್ರದ ಮೇಲೆ ನಿಂತಿತು. ನಾನು ತಿರುಗಿಸು ಎಂದು ಸನ್ನೆ ಮಾಡಿದೆ. ಬೇಕೆಂದೇ ಮಾಡಿದೆ. ಯಂತ್ರ ಕಟಕಟ ಎಂದಿತು.

"ಒಳಗೇನೋ ಶಬ್ದ?"

"ನಮ್ಮ ಮನೆಯವಳು. ಮದುವೆಗೆ ರವಿಕೆ ಹೊಲೀತಿದಾಳೆ."

ಅತ್ತೆ ತಮಾಷೆಗೆ ಅಂದ ಮಾತು ಅದು. ಇವರ ಬಾಯಲ್ಲಿ ಬಂದಾಗ ನನಗೆ ಮೈಯೆಲ್ಲ ಉರಿಯಿತು. ನನ್ನ ತೊಡೆಯ ಮೇಲೆ ಟಾಪಿನ ಹಿಂದಿನ ತುಂಡು, ಕಿಟಕಿ ಇಡಲು ಆಗತಾನೇ ಕೊರೆದದ್ದು, ಬಿದ್ದಿತ್ತು. ಅದನ್ನು ಅಲ್ಲೇ ಎಸೆದು ಎದ್ದು ಹೋಗಿಬಿಡೋಣವೆನ್ನಿಸಿತು. ಹೋಗಲಿಲ್ಲ. ಬೀಗರಿಗೆ ಕಾಫಿ ಮಾಡಿ ಕಳಿಸಿದೆ.

ಅವರು ಹೋದ ಮೇಲೆ ಯಜಮಾನರು ತಾವಾಗಿಯೇ ಕೋಣೆಗೆ ಬಂದರು. "ಹೆಂಗಸರು ಮನೇಲಿ ಹೊಲಿದ ಟಾಪು ಅಂದ್ರೆ ಅವರು ಏನಂದ್ಕೋತಾರೆ? ಅಂಗಡಿಗೆ ಕೊಡೋಕೂ ಗತಿಯಿಲ್ಲ ಅಂತಾರೆ. ನನ್ನ ತಂಗಿ ಕಣೇ. ಅವಳು ಹೋಗಿ ಆ ಮನೇಲಿ ಬಾಳಬೇಕು. ಮದುವೆ ಮುಗಿಯೋವರೆಗೆ ಈ ಮಾತು ಎತ್ತಬೇಡ."

"ಆಮೇಲೆ ಎತ್ತಬಹುದಾ?"

ಆಮೇಲೆ ಎತ್ತಿದರೆ ಸುಳ್ಳು ಹೇಳಿದವರಾಗುತ್ತೇವೆ, ಆದ್ದರಿಂದ ಯಾವತ್ತೂ ಎತ್ತುವ ಹಾಗಿಲ್ಲ ಎಂದು ಇಬ್ಬರಿಗೂ ತಿಳಿದಿತ್ತು. ನನ್ನ ಕೆಲಸ ಇನ್ನು ಮುಂದೆ ಕಲಾಸಿಪಾಳ್ಯದವನದ್ದು. ನನ್ನನ್ನು ನೋಡದೆಯೇ ಮಾತಾಡಿದನಲ್ಲ, ಅವನದ್ದು. ನಾದಿನಿ ತಲೆ ತಗ್ಗಿಸಿ ದಾರದ ತುದಿಯನ್ನು ಸುತ್ತುತ್ತಾ ಕೂತಿದ್ದಳು. ಅವಳ ಮುಖ ನೋಡಿ, "ಆಯ್ತು, ನಾನು ಬಾಯಿ ಬಿಡಲ್ಲ," ಎಂದೆ. ಮಾತು ಕೊಟ್ಟೆ, ಆದರೆ ನಗುತ್ತಾ ಕೊಡಲಿಲ್ಲ.

ಹೊಲಿಗೆ ಮುಗಿಯಿತು. ಕಾರಿನ ಮೇಲೆ ಹಾಸಿ ನೋಡಿದರೆ ಒಂದು ಕಡೆಯೂ ಸುಕ್ಕಿಲ್ಲ. ಮಳೆಗೆ ಹೇಗಿರುತ್ತದೆಂದು ನೋಡಬೇಕಲ್ಲ, ನಾನೇ ಒಳಗೆ ಕೂತೆ. ಯಜಮಾನರು ಸ್ಟೂಲಿನ ಮೇಲೆ ಹತ್ತಿ ಕೊಡದಿಂದ ನೀರು ಸುರಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬಟ್ಟೆ ಕಪ್ಪಾಯಿತು. ಆಮೇಲೆ ಇಡೀ ಟಾಪು ನನ್ನ ತಲೆಯ ಮೇಲೆ ಸೋರತೊಡಗಿತು. ಒಂದು ತೂತಿನಿಂದಲ್ಲ, ಎಲ್ಲ ಕಡೆಯಿಂದಲೂ, ಕಾಫಿ ಶೋಧಿಸುವ ಬಟ್ಟೆಯ ಹಾಗೆ. ಬೈತಲೆಯಿಂದ ಹಿಡಿದು ಪಾದದವರೆಗೆ ನೆನೆದು ಹೊರಗೆ ಬಂದೆ.

ಯಜಮಾನರು ಬಟ್ಟೆಯನ್ನು ಹಿಸುಕಿ ನೋಡಿದರು. ಮೂಸಿ ನೋಡಿದರು. "ಇದನ್ನ ಒಗೆದ್ಯಾ?"

"ಒಗೀದೆ ಹೊಲೀತಾರಾ? ಅಷ್ಟು ಕೊಳೆ ಇತ್ತು."

"ಅಯ್ಯೋ, ಅದು ಕೊಳೆ ಅಲ್ಲ ಕಣೇ! ನೀರು ಇಳೀದೆ ಇರಲಿ ಅಂತ ಎಣ್ಣೆ ಮೇಣ ಹಾಕಿರ್ತಾರೆ. ಅದನ್ನೇ ಒಗೆದುಬಿಟ್ಯಲ್ಲ!"

ನಮ್ಮತ್ತೆ ಮೆಲ್ಲಗೆ ಹಿತ್ತಲಿನಿಂದ ಒಳಗೆ ಸರಿದರು. ಅಂದಿನಿಂದ ಅವರು ರವಿಕೆಯ ಮಾತು ಎತ್ತಲೇ ಇಲ್ಲ. ಯಜಮಾನರು ಬೈಯಲಿಲ್ಲ, ಅದೇ ನನಗೆ ಕಷ್ಟವಾಯಿತು. "ಹೋಗ್ಲಿ ಬಿಡು. ಸೋಮವಾರ ಅಂಗಡಿಗೆ ಬಿಟ್ಟು ಬರ್ತೀನಿ. ಅವರೇ ಬೇರೆ ಹಾಕ್ಕೊಡ್ತಾರೆ," ಎಂದರು. ನಾನು ಒದ್ದೆ ಸೀರೆಯಲ್ಲೇ ನಿಂತಿದ್ದೆ. ಅಳುವ ಹಾಗಾಯಿತು, ಆದರೆ ಅತ್ತರೆ ಅಂಗಡಿಯವನು ಗೆದ್ದ ಹಾಗೆ ಎಂದು ಅಳಲಿಲ್ಲ.

ಎಲ್ಲರೂ ಒಳಗೆ ಹೋದ ಮೇಲೆ ಟಾಪನ್ನು ಬಿಚ್ಚಲೆಂದು ಹೋದೆ. ಬಟ್ಟೆ ಒದ್ದೆಯಾಗಿ ಕಪ್ಪಗಿತ್ತು. ಆದರೆ ದಬ್ಬಳದಿಂದ ಕೈಯಲ್ಲಿ ಹೊಲಿದಿದ್ದ ಸಾಲಿನ ಮೇಲೆ ನೀರು ಹೀರದೆ ಮಣಿ ಮಣಿಯಾಗಿ ನಿಂತಿತ್ತು. ಬೆರಳಿನಿಂದ ತಟ್ಟಿದೆ. ಹನಿಗಳು ಉರುಳಿ ಹೋದವು, ದಾರ ಒಣಗಿಯೇ ಇತ್ತು. ಜೇನುಮೇಣ! ದಾರಕ್ಕೆ ಹಚ್ಚಿದ್ದನ್ನು ಬಟ್ಟೆಗೆ ಏಕೆ ಹಚ್ಚಬಾರದು? ನಾನು ಹಿತ್ತಲಿನಿಂದಲೇ ನಾದಿನಿಯನ್ನು ಕೂಗಿದ ರಭಸಕ್ಕೆ ಅವಳು ಯಾರಿಗೋ ಹಾವು ಕಚ್ಚಿತೆಂದುಕೊಂಡು ಓಡಿಬಂದಳು.

ಸೋಮವಾರದ ಒಳಗೆ ಆಗಬೇಕಿತ್ತು. ಗ್ರಂಥಿಗೆ ಅಂಗಡಿಯಿಂದ ಜೇನುಮೇಣ ತರಿಸಿದೆ. ತಂದವರು ಯಾರು ಗೊತ್ತೇ? ನಮ್ಮತ್ತೆ. ಬಿಸಿಲಲ್ಲಿ ನಡೆದು ಹೋಗಿ, ಚೀಲ ತಂದು ನನ್ನ ಮುಂದಿಟ್ಟು, "ಸಾಲದೆ ಬಂದ್ರೆ ಹೇಳು," ಎಂದಷ್ಟೇ ಹೇಳಿದರು. ಹಜಾರದ ನೆಲದ ಮೇಲೆ ಟಾಪನ್ನು ಹರಡಿ, ಮೇಣದ ಗಡ್ಡೆಯನ್ನು ಮಕ್ಕಳು ಸ್ಲೇಟಿನ ಮೇಲೆ ಬಳಪ ಉಜ್ಜುವ ಹಾಗೆ ಉಜ್ಜುತ್ತಾ ಹೋದೆವು. ಉಜ್ಜಿದ ಕಡೆ ಬಟ್ಟೆ ಬೆಳ್ಳಗೆ ಮಂಕಾಗುತ್ತಿತ್ತು. ಹಿಂದೆಯೇ ನಾನು ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಆಡಿಸುತ್ತಾ ಬರುತ್ತಿದ್ದೆ. ಮೇಣ ಕರಗಿ ಎಳೆಯೆಳೆಗೂ ಇಳಿದು, ಬಣ್ಣ ಮತ್ತೆ ಗಾಢವಾಗುತ್ತಿತ್ತು. ಹೊಲಿಗೆಯ ಸಾಲಿನ ಮೇಲೆ ಎರಡು ಬಾರಿ ಉಜ್ಜಿದೆವು. ಸೂಜಿ ಹೋದ ತೂತುಗಳೆಲ್ಲ ಮೇಣದಿಂದ ಮುಚ್ಚಿಕೊಂಡವು. ಆಗಲೇ ನನಗೆ ಹೊಳೆದದ್ದು. ಅಂಗಡಿಯಲ್ಲಿ ಮೇಣ ಹಾಕಿದ ಬಟ್ಟೆಯನ್ನು ತಂದು ಆಮೇಲೆ ಹೊಲಿಯುತ್ತಾರೆ, ಸೂಜಿ ಮಾಡಿದ ತೂತು ತೂತಾಗಿಯೇ ಉಳಿಯುತ್ತದೆ. ನಾನು ಹೊಲಿದ ಮೇಲೆ ಮೇಣ ಹಾಕುತ್ತಿದ್ದೇನೆ. ಒಗೆದು ಹಾಳುಮಾಡಿದ್ದರಿಂದಲೇ ಅಂಗಡಿಯವನದ್ದಕ್ಕಿಂತ ಒಳ್ಳೆಯ ಟಾಪಾಗುತ್ತಿದೆ! ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ ಹಿಡಿದೇ ನಕ್ಕೆ. ಅತ್ತೆ ಏನೆಂದು ಕೇಳಿದರು. ಹೇಳಿದೆ. "ನಾವು ಒಗೆದಿದ್ದು ಒಳ್ಳೇದೇ ಆಯ್ತು ಅನ್ನು," ಎಂದರು ಅವರು, ಬಹಳ ಗಂಭೀರವಾಗಿ.

ಈ ಸಲ ಕಾರಿನೊಳಗೆ ಯಜಮಾನರನ್ನು ಕೂರಿಸಿ ನಾನು ಸ್ಟೂಲು ಹತ್ತಿದೆ. ಒಂದಾದ ಮೇಲೊಂದು ಕೊಡ ಸುರಿದೆ. ನೀರು ಟಾಪಿನ ಮೇಲಿಂದ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಜಾರಿ ನೆಲಕ್ಕೆ ಬಿತ್ತು. ಬಾಗಿಲು ತೆಗೆದು ಇಳಿದ ಯಜಮಾನರ ಶರಟು ಒಣಗಿಯೇ ಇತ್ತು. ಅವರು ಟಾಪನ್ನು ನೋಡಿದರು, ನನ್ನನ್ನು ನೋಡಿದರು. "ಪರವಾಗಿಲ್ಲ ಕಣೇ," ಎಂದರು. ಆ ಮನುಷ್ಯನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿದ್ದಿಲ್ಲ. ಆದರೂ ಬೀಗರಿಗೆ ನಿಜ ಹೇಳುತ್ತೇನೆಂದು ಅವರು ಅನ್ನಲಿಲ್ಲ, ನಾನೂ ಕೇಳಲಿಲ್ಲ.

ವೈಶಾಖದ ಸಂಜೆ. ಗಂಡಿನ ಮೆರವಣಿಗೆ ಹೊರಡುವಾಗ ಎಲ್ಲರಿಗೂ ವರ ಕಾಣಲೆಂದು ಟಾಪನ್ನು ಹಿಂದಕ್ಕೆ ಮಡಚಿದ್ದರು. ಕಾರಿಗೆಲ್ಲ ಮಲ್ಲಿಗೆ, ಕನಕಾಂಬರ. ನಾನು ಛತ್ರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಬೆಂಗಳೂರಿನ ಬೇಸಿಗೆಯ ಮಳೆ ಹೇಳಿ ಕೇಳಿ ಬರುವುದಿಲ್ಲ. ಗಾಳಿ ಎದ್ದಿತು, ಧೂಳು ಎದ್ದಿತು, ಹಿಂದೆಯೇ ದಪ್ಪ ದಪ್ಪ ಹನಿ. ವಾಲಗದವರು ಡೋಲು ತಬ್ಬಿಕೊಂಡು ಅಂಗಡಿ ಮುಂಗಟ್ಟಿನ ಕೆಳಗೆ ಓಡಿದರಂತೆ. ಕಾರು ಛತ್ರದ ಮುಂದೆ ಬಂದು ನಿಂತಾಗ ಟಾಪು ಮೇಲೇರಿತ್ತು, ಅದರ ಮೇಲೆ ಮಳೆ ಡಬಡಬ ಬಡಿಯುತ್ತಿತ್ತು.

ಕಾರಿನ ಬಾಗಿಲು ತೆರೆಯಿತು. ವರ ಇಳಿದ. ಪೇಟದ ಮೇಲೆ ಒಂದು ಹನಿ ಇಲ್ಲ. ಅವನ ತಾಯಿ ಇಳಿದರು, ರೇಷ್ಮೆ ಸೀರೆಯ ಮಡಿಕೆ ಕೂಡ ಮುರಿದಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಬೀಗರು ಮಾತ್ರ ಇಳಿಯಲಿಲ್ಲ. ತಲೆಯೆತ್ತಿ ಟಾಪಿನ ಒಳಗಿನ ಹೊಲಿಗೆಯ ಸಾಲನ್ನು ಬೆರಳಿನಿಂದ ಸವರುತ್ತಾ ಕೂತಿದ್ದರು.

"ನಮ್ಮ ಕಾರಿಗೂ ಟಾಪು ಹಾಕಿಸಿದೀನಿ. ಮಳೆ ಬಂದ್ರೆ ಹೊಲಿಗೆ ಸಾಲಲ್ಲೇ ನೀರು ಇಳಿಯತ್ತೆ. ಇದು ಒಂದು ಹನೀನೂ ಬಿಡ್ಲಿಲ್ವಲ್ಲ! ಯಾವ ಅಂಗಡಿ ಅಂದ್ರಿ?"

"ಕಲಾಸಿಪಾಳ್ಯದಲ್ಲಿ," ಎಂದರು ನಮ್ಮ ಯಜಮಾನರು, ಸ್ಟಿಯರಿಂಗ್ ಕಡೆ ನೋಡುತ್ತಾ.

"ವಿಳಾಸ ಕೊಡಿ ನನಗೆ."

"ಮದುವೆ ಮುಗೀಲಿ, ಕೊಡ್ತೀನಿ."

ನಾನು ಆರತಿ ಎತ್ತಿದೆ. ಇಡೀ ಛತ್ರದಲ್ಲಿ ನನ್ನಷ್ಟು ಹೆಮ್ಮೆಪಟ್ಟವಳೂ ನನ್ನಷ್ಟು ಸಿಟ್ಟಾದವಳೂ ಅವತ್ತು ಇನ್ನೊಬ್ಬಳಿರಲಿಲ್ಲ. ಒಳಗೆ ಹೋಗಿ ಹಸೆಗೆ ಸಿದ್ಧವಾಗುತ್ತಿದ್ದ ನಾದಿನಿಗೆ ನಡೆದದ್ದನ್ನು ಕಿವಿಯಲ್ಲಿ ಹೇಳಿದೆ, ಒಂದು ಹನಿಯೂ ಬೀಳಲಿಲ್ಲವೆಂದು, ಬೀಗರು ಅಂಗಡಿಯ ವಿಳಾಸ ಕೇಳಿದರೆಂದು. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಾರನೆಯ ದಿನ ಧಾರೆಯಾಯಿತು, ಊಟವಾಯಿತು, ಹೆಣ್ಣೊಪ್ಪಿಸುವ ಹೊತ್ತು ಬಂತು. ಆ ಹೊತ್ತಿನಲ್ಲಿ ಯಾರು ತಾನೇ ಅಳುವುದಿಲ್ಲ. ಅತ್ತೆ ಮಗಳನ್ನು ಬಿಡಲೊಲ್ಲರು. ತುಮಕೂರಿನವರೆಗೂ ನಮ್ಮ ಕಾರಿನಲ್ಲೇ ಯಜಮಾನರು ಕರೆದೊಯ್ಯುವುದೆಂದಾಗಿತ್ತು. ಮದುಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ತಲೆ ತಗ್ಗಿಸಿ, ಸೆರಗು ಹೊದ್ದು ಕೂತಿದ್ದಳು. ಹೊಸ ಮದುಮಗಳು ಮಾವನೆದುರು ಬಾಯಿ ಬಿಡುವುದುಂಟೇ? ಕೇಳಿದ್ದಕ್ಕೆ ತಲೆಯಾಡಿಸಿದರೆ ಹೆಚ್ಚು. ಆ ಹೊತ್ತಿಗೆ ಬೀಗರು ಕಾರಿನ ಬಾಗಿಲಿಗೆ ಕೈಯಿಟ್ಟು ಯಜಮಾನರನ್ನು ಮತ್ತೆ ಕೇಳಿದರು.

"ಹೊರಡೋಕೆ ಮುಂಚೆ ಹೇಳಿಬಿಡಿ, ಮರೆತುಹೋಗತ್ತೆ. ಟಾಪು ಯಾವ ಅಂಗಡೀದು?"

ಯಜಮಾನರು ಬಾಯಿ ತೆರೆದರು. ಆ ಅಂಗಡಿಯ ಹೆಸರು ಅವರ ನಾಲಗೆಯ ತುದಿಗೆ ಬಂದದ್ದು ನನಗೆ ಕಂಡಿತು. ನಾನು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡೆ.

"ಅಂಗಡೀದಲ್ಲ ಮಾವ."

ಕಾರಿನ ಒಳಗಿನಿಂದ ಬಂತು ಮಾತು. ಮದುಮಗಳು ತಲೆ ಎತ್ತಿದ್ದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು, ದನಿ ಮಾತ್ರ ಸ್ಪಷ್ಟವಾಗಿತ್ತು. "ನಮ್ಮತ್ತಿಗೆ ಹೊಲಿದಿದ್ದು. ಮನೇಲೇ. ಚಕ್ರ ನಾನು ತಿರುಗಿಸಿದೀನಿ." ಅಂಗೈಯನ್ನು ತೆರೆದು ತೋರಿಸಿದಳು. ಗೋರಂಟಿಯ ಕೆಂಪಿನ ನಡುವೆ ಬೊಬ್ಬೆಯ ಗುರುತಿತ್ತು.

ಅತ್ತೆ ನನ್ನ ತೋಳನ್ನು ಹಿಡಿದಿದ್ದರು, ಉಗುರು ಚುಚ್ಚುತ್ತಿತ್ತು. ಬೀಗರು ಸೊಸೆಯನ್ನು ನೋಡಿದರು. ನಮ್ಮ ಯಜಮಾನರನ್ನು ನೋಡಿದರು. ಯಜಮಾನರ ಮುಖ ಕೆಂಪಾಗಿ ಹೋಗಿತ್ತು. ಕೊನೆಗೆ ಹೆಂಗಸರ ಗುಂಪಿನಲ್ಲಿ ನಾನು ಎಲ್ಲಿದ್ದೇನೆಂದು ಹುಡುಕಿ, ನೇರವಾಗಿ ನನ್ನನ್ನೇ ಕೇಳಿದರು.

"ಹೊಲಿಗೆ ಸಾಲಲ್ಲಿ ನೀರು ಬರದ ಹಾಗೆ ಏನಮ್ಮಾ ಮಾಡಿದ್ರಿ?"

"ಮೊದಲು ಒಗೆದು ಹಾಳು ಮಾಡಿದ್ವಿ," ಎಂದೆ. "ಆಮೇಲೆ ಹೊಲಿದು, ಹೊಲಿದ ಮೇಲೆ ಜೇನುಮೇಣ ಹಾಕಿದ್ವಿ. ಹೊಲಿಯೋಕೆ ಮುಂಚೆ ಹಾಕಿದ್ರೆ ಸೂಜಿ ತೂತು ಮುಚ್ಚಲ್ಲ."

ಅವರು ಒಂದು ಗಳಿಗೆ ಯೋಚಿಸಿದರು. "ಹೌದಲ್ಲ!" ಎಂದು ತೊಡೆ ತಟ್ಟಿಕೊಂಡರು. ಆ ಮನುಷ್ಯನಿಗೆ ಕೊಂಕು ಹುಡುಕಲು ಪುರಸೊತ್ತೇ ಆಗಲಿಲ್ಲ. "ದೊಡ್ಡ ಅಂಗಡಿಯವನಿಗೇ ಹೊಳೀಲಿಲ್ವಲ್ಲಮ್ಮ ಇದು," ಎಂದು, ನಮ್ಮ ಯಜಮಾನರ ಭುಜದ ಮೇಲೆ ಕೈಯಿಟ್ಟು, "ಇದನ್ನ ಯಾಕ್ರೀ ಮುಚ್ಚಿಟ್ರಿ?" ಎಂದರು. ಯಜಮಾನರು ತಲೆ ಕೆರೆದುಕೊಂಡು, ಅಷ್ಟು ಜನರ ಮುಂದೆ, "ಹೌದು, ಇವಳೇ ಹೊಲಿದಿದ್ದು," ಎಂದರು. ತಡವಾಗಿ ಹೇಳಿದರು, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಕಾರು ಹೊರಟಿತು. ಕಡುಹಸಿರು ಮೈ, ಖಾಕಿ ಟಾಪು, ಒಂದು ಸುಕ್ಕಿಲ್ಲ. ಬೀದಿಯ ಕೊನೆಯವರೆಗೂ ನೋಡುತ್ತಾ ನಿಂತೆ. ನಾನು ಬಿಕ್ಕಿ ಬಿಕ್ಕಿ ಅಳುವುದನ್ನು ಕಂಡ ಹೆಂಗಸರು, ನಾದಿನಿಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಮಾತಾಡಿಕೊಂಡರು. ಪ್ರೀತಿ ಇತ್ತು, ಇಲ್ಲವೆನ್ನಲಾರೆ. ಆದರೆ ನಾನು ಅತ್ತದ್ದು ಅವಳು ಹೋದಳೆಂದಲ್ಲ. ಬಾಗಿಲ ಹಿಂದೆ ಸರಿಯುತ್ತಿದ್ದ ಆ ಹುಡುಗಿ, ಗಂಡನ ಮನೆಯವರ ಮುಂದೆ ಜೀವಮಾನದಲ್ಲಿ ಆಡಿದ ಮೊದಲ ಮಾತನ್ನು ನನ್ನ ಕೆಲಸಕ್ಕಾಗಿ ಆಡಿದಳು.